ಅಲಾಸ್ಕದ ಕೆರೆ, ಕೊಡೇಕಲ್ಲಿನ ಕಾಲುವೆ

ಜಿಐಎಸ್ ಕಲಿತು ಬಂದವರು ಯಾರೇ ಸಿಗಲಿ, ನಾನು ಕೇಳೋದು ಒಂದೇ ಪ್ರಶ್ನೆ: ನಿಮ್ಮೂರಿನ ನಕ್ಷೆ ಹಾಕಿದ್ರಾ? ಬಹಳ ಮಂದಿ ನಗ್ತಾರೆ. ಅವರ ರೆಸ್ಯೂಮೆಯಲ್ಲಿ ಸಾಫ್ಟ್‌ವೇರುಗಳ ಹೆಸರಿರುತ್ತೆ, ಬಫರ್, ಓವರ್‌ಲೇ, ಜಿಯೊರೆಫರೆನ್ಸಿಂಗ್ ಅನ್ನೋ ಪದಗಳಿರುತ್ತವೆ, ಒಂದೆರಡು ಸರ್ಟಿಫಿಕೇಟು ಇರುತ್ತವೆ. ಜಾಗದ ಹೆಸರು ಮಾತ್ರ ಒಂದೂ ಇರಲ್ಲ. ಭೂಮಿಯ ಮೇಲಿನ ಜಾಗಗಳ ಬಗ್ಗೆಯೇ ಇರೋ ವಿದ್ಯೆಯನ್ನ ಕಲಿತವರ ಬಾಯಲ್ಲಿ ಒಂದು ಜಾಗದ ಹೆಸರು ಬರದೇ ಇರೋದು ವಿಚಿತ್ರ ಅಲ್ವಾ?

ನನ್ನ ತಕರಾರು ಇಷ್ಟೇ. ನಮ್ಮ ಕಾಲೇಜುಗಳು ಪರಿಸರ ವಿಜ್ಞಾನವನ್ನ ಜಾಗವಿಲ್ಲದೆ ಕಲಿಸುತ್ತವೆ, ಜಿಐಎಸ್ ಅನ್ನ ಪ್ರಶ್ನೆಯಿಲ್ಲದೆ ಕಲಿಸುತ್ತವೆ. ಎರಡನ್ನೂ ಒಂದೇ ಹುಡುಗನೇ ಓದ್ತಾನೆ, ಕೆಲವು ಸಲ ಒಂದೇ ಸೆಮಿಸ್ಟರಿನಲ್ಲಿ. ಆದರೂ ಅವೆರಡು ಒಂದನ್ನೊಂದು ಭೇಟಿ ಆಗೋದೇ ಇಲ್ಲ.

ಮೊದಲು ಪರಿಸರದ ಪಠ್ಯಕ್ರಮವನ್ನ ನೋಡೋಣ. ಇಂಜಿನಿಯರಿಂಗ್, ಬಿಕಾಂ, ಬಿಎ ಎಲ್ಲರೂ ಓದೋ ಆ ಒಂದು ಪೇಪರಿನ ಹಿಂದೆ ಒಂದು ಕೋರ್ಟ್ ಕೇಸ್ ಇದೆ. ಎಂ.ಸಿ. ಮೆಹ್ತಾ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರ ನವೆಂಬರಿನಲ್ಲಿ ಆದೇಶ ಕೊಟ್ಟು, ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂದಿತು. ಅದು ತರಗತಿಗೆ ಇಳಿಯೋಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡೀತು. ಕೊನೆಗೆ ಯುಜಿಸಿ ಆರು ತಿಂಗಳ ಒಂದು ಮಾದರಿ ಪಠ್ಯಕ್ರಮ ಮಾಡಿತು, ಇರಾಕ್ ಭರೂಚಾ ಅದಕ್ಕೆ ಪಠ್ಯಪುಸ್ತಕ ಬರೆದರು.

ಆ ಪಠ್ಯಕ್ರಮವನ್ನ ಒಮ್ಮೆ ಶಾಂತವಾಗಿ ಓದಿ. ನಾನು ಬೈಯೋಕೆ ಅಂತಲೇ ಓದೋಕೆ ಕೂತೆ, ಆದರೆ ಬೈಯೋದು ಸುಲಭ ಆಗಲಿಲ್ಲ. ಎಂಟು ಘಟಕ, ಐವತ್ತು ಉಪನ್ಯಾಸ. ಏಳು ಘಟಕಗಳು ನಿಮಗೆ ಗೊತ್ತಿರೋವೇ: ಸಂಪನ್ಮೂಲ, ಪರಿಸರ ವ್ಯವಸ್ಥೆ, ಜೀವವೈವಿಧ್ಯ, ಮಾಲಿನ್ಯ ಇತ್ಯಾದಿ. ಎಂಟನೆಯದು ಕ್ಷೇತ್ರಕಾರ್ಯ. ಹತ್ತಿರದ ನದಿ, ಗುಡ್ಡ, ಹುಲ್ಲುಗಾವಲಿಗೆ ಹೋಗಿ ಏನಿದೆ ಅಂತ ದಾಖಲಿಸಿ. ಹತ್ತಿರದ ಒಂದು ಮಲಿನ ಜಾಗವನ್ನ ನೋಡಿ ಬನ್ನಿ. ಸುತ್ತಲಿನ ಗಿಡ, ಹುಳ, ಹಕ್ಕಿಗಳನ್ನ ಗುರುತಿಸಿ. ನೂರು ಅಂಕದಲ್ಲಿ ಇಪ್ಪತ್ತೈದು ಇದಕ್ಕೇ. ಪಠ್ಯಕ್ರಮ ಮಾಡಿದವರಿಗೆ ಜಾಗ ಮುಖ್ಯ ಅಂತ ಗೊತ್ತಿತ್ತು. ಇಡೀ ದಾಖಲೆಯಲ್ಲಿ ಅತ್ಯಂತ ಜೀವಂತವಾದ ಪುಟ ಅದೇ. ನಡೆಯದೇ ಉಳಿದ ಪುಟವೂ ಅದೇ.

ನಾನು ಬಿಇ ಓದಿದ ಕಾಲೇಜಿನಲ್ಲಿ ಕ್ಷೇತ್ರಕಾರ್ಯ ಅಂದರೆ ಸೀನಿಯರ್‌ಗಳಿಂದ ಇಳಿದು ಬಂದ ಒಂದು ರೆಕಾರ್ಡ್ ಪುಸ್ತಕ. ಕೆರೆಯ ಚಿತ್ರ, ಬಾಣದ ಗುರುತು, ಕಪ್ಪೆ, ಮೀನು, ಪಾಚಿ. ಅದು ಯಾವ ಊರಿನ ಕೆರೆ ಅಂತ ಯಾರೂ ಕೇಳಲಿಲ್ಲ. ಕೇಳೋದಕ್ಕೆ ಮಾರ್ಕ್ಸ್ ಇರಲಿಲ್ಲ.

ಮುಂದೆ ಇದು ಇನ್ನೂ ಸಪೂರ ಆಯ್ತು. ವಿಟಿಯುನ 2018ರ ಸ್ಕೀಮಿನಲ್ಲಿ ಪರಿಸರ ಅಧ್ಯಯನದ ಪೇಪರನ್ನ ನೋಡಿ. ಪರೀಕ್ಷೆಗೆ ನೂರು ಬಹು ಆಯ್ಕೆಯ ಪ್ರಶ್ನೆಗಳು. ಕ್ಷೇತ್ರಕಾರ್ಯ ಅಂದರೆ ಒಂದು ಪ್ರಯೋಗಾಲಯವನ್ನೋ, ಹಸಿರು ಕಟ್ಟಡವನ್ನೋ, ನೀರು ಶುದ್ಧೀಕರಣ ಘಟಕವನ್ನೋ ನೋಡಿ ಬಂದು ಚಿಕ್ಕ ಟಿಪ್ಪಣಿ ಬರೆಯೋದು. ನದಿ, ಗುಡ್ಡದ ಜಾಗಕ್ಕೆ ಕಟ್ಟಡ ಬಂತು. ಜಿಐಎಸ್ ಮತ್ತು ದೂರಸಂವೇದಿಯ ಹೆಸರೂ ಇದೆ. ಎಲ್ಲಿದೆ ಅಂದ್ರೆ ಕೊನೆಯ ಮಾಡ್ಯೂಲಿನಲ್ಲಿ, ಪರಿಸರ ಪರಿಣಾಮ ಅಧ್ಯಯನ, ಐಎಸ್‌ಒ 14001, ಸ್ವಯಂಸೇವಾ ಸಂಸ್ಥೆ ಇವುಗಳ ಸಾಲಿನಲ್ಲಿ, ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತ ಹಾಗೆ. ಆ ಸಾಲಿನಿಂದ ಹುಟ್ಟೋ ಪ್ರಶ್ನೆ ಏನಿರುತ್ತೆ? ಜಿಐಎಸ್‌ನ ಪೂರ್ಣ ರೂಪ ಯಾವುದು, ಸರಿಯಾದ ಉತ್ತರಕ್ಕೆ ವೃತ್ತ ತುಂಬಿ. ಅಷ್ಟೇ.

ಈಗ ಇನ್ನೊಂದು ಕಡೆ, ಅಂದರೆ ಜಿಐಎಸ್ ತರಬೇತಿಗೆ ಬನ್ನಿ. ಇಲ್ಲಿ ವಿದ್ಯಾರ್ಥಿ ನಿಜವಾಗಲೂ ಕಂಪ್ಯೂಟರ್ ಮುಂದೆ ಕೂರ್ತಾನೆ. ಸಂತೋಷ. ಡೆಹ್ರಾಡೂನಿನ ಐಐಆರ್‌ಎಸ್ 2007ರಿಂದ ದೂರಶಿಕ್ಷಣ ನಡೆಸ್ತಿದೆ, ಪುಕ್ಕಟೆ. ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರೂ ಪುಕ್ಕಟೆ, ಗ್ಯಾರಿ ಶರ್ಮನ್ ಅನ್ನೋರು 2002ರಲ್ಲಿ ಶುರು ಮಾಡಿದ್ದು. ಅದರ ಕೈಪಿಡಿಯ ಜೊತೆ ಬರೋ ಮಾದರಿ ಡೇಟಾ ಯಾವ ಊರಿನದು ಗೊತ್ತಾ? ಅಲಾಸ್ಕದ್ದು. ಅಲಾಸ್ಕದ ಕೆರೆಗಳು, ಅಲಾಸ್ಕದ ವಿಮಾನ ನಿಲ್ದಾಣಗಳು. ಅದೇ ಸಾಫ್ಟ್‌ವೇರಿನ ತರಬೇತಿ ಪುಸ್ತಕದಲ್ಲಿ ದಕ್ಷಿಣ ಆಫ್ರಿಕಾದ ಸ್ವೆಲೆನ್‌ಡ್ಯಾಮ್ ಅನ್ನೋ ಊರು. ಕಲ್ಯಾಣ ಕರ್ನಾಟಕದ ಹುಡುಗಿ ಅಲಾಸ್ಕದ ವಿಮಾನ ನಿಲ್ದಾಣದ ಸುತ್ತ ಬಫರ್ ಎಳೆದು, ಸ್ಕ್ರೀನ್‌ಶಾಟ್ ತೆಗೆದು, ಸರ್ಟಿಫಿಕೇಟ್ ತಗೊಂಡು ಮನೆಗೆ ಹೋಗ್ತಾಳೆ.

ಇದನ್ನ ಸಾಫ್ಟ್‌ವೇರ್ ಮಾಡಿದವರ ತಲೆಗೆ ಕಟ್ಟೋ ಹಾಗಿಲ್ಲ. ಅದೇ ತರಬೇತಿ ಪುಸ್ತಕದಲ್ಲಿ ಪಾಠ ಮಾಡುವವರಿಗಾಗಿಯೇ ಒಂದು ಅಧ್ಯಾಯ ಇದೆ: ನಿಮ್ಮ ಊರಿನ ಡೇಟಾ ಇಳಿಸಿಕೊಂಡು ಈ ಅಭ್ಯಾಸಗಳನ್ನ ನಿಮ್ಮೂರಿಗೆ ಬದಲಾಯಿಸಿಕೊಳ್ಳೋದು ಹೇಗೆ ಅಂತ ಹಂತ ಹಂತವಾಗಿ ಬರೆದಿದ್ದಾರೆ. ಯುಜಿಸಿಯ ಎಂಟನೇ ಘಟಕದ ಗತಿಯೇ ಇದಕ್ಕೂ ಆಯ್ತು. ಬರೆದವರು ಬರೆದರು, ನಾವು ಆ ಪುಟ ಹಾರಿಸಿದೆವು.

ಊರಿನ ನಕ್ಷೆ ಹಾಕಿದರೆ ಏನು ಸಿಗುತ್ತೆ ಅಂತ ಕೇಳಬಹುದು. ನನಗೆ ಗೊತ್ತಿರೋ ಊರಿನ ಮಾತೇ ಹೇಳ್ತೀನಿ. ನಾನು ಬೆಳೆದದ್ದು ಯಾದಗಿರಿ ಜಿಲ್ಲೆಯ ಕೊಡೇಕಲ್ ಕಡೆ. ಮೊದಲು ಸುರಪುರ ತಾಲ್ಲೂಕು, ಈಗ ಹುಣಸಗಿ. ನಾರಾಯಣಪುರದ ಬಸವಸಾಗರ ಅಣೆಕಟ್ಟು ಹತ್ತಿರದಲ್ಲೇ ಇದೆ. ಅಲ್ಲಿಂದ ಹೊರಡೋ ಎಡದಂಡೆ ಕಾಲುವೆ 78 ಕಿಲೋಮೀಟರ್ ಹರಿದು, ಮುಂದೆ ಶಾಖಾ ಕಾಲುವೆಗಳಾಗಿ, ವಿತರಣಾ ಕಾಲುವೆಗಳಾಗಿ, ಕೊನೆಗೆ ಹೊಲಗಾಲುವೆಗಳಾಗಿ ಒಡೆದುಕೊಳ್ಳುತ್ತೆ. ಈ ಕಾಲುವೆಯ ನವೀಕರಣ ಯೋಜನೆಯನ್ನ ಪ್ರಧಾನಿ 2023ರ ಜನವರಿ 19ರಂದು ಉದ್ಘಾಟನೆ ಮಾಡಿದ್ದು ಕೊಡೇಕಲ್ಲಿನಲ್ಲೇ. ಸುಮಾರು 4,700 ಕೋಟಿ ರೂಪಾಯಿ, 10,000 ಕ್ಯೂಸೆಕ್ ಸಾಮರ್ಥ್ಯ, ನಾಲ್ಕೂವರೆ ಲಕ್ಷ ಹೆಕ್ಟೇರ್, 560 ಹಳ್ಳಿ ಅಂತ ಅವತ್ತು ಹೇಳಿದರು. ಕಾಲುವೆ ಗೇಟುಗಳಿಗೆ ಸ್ಕಾಡಾ ಬಂದಿದೆ, ಅಂದರೆ ದೂರದಿಂದಲೇ ಗೇಟು ಎತ್ತಿ ಇಳಿಸಿ, ಎಷ್ಟು ನೀರು ಹೋಯ್ತು ಅಂತ ಪರದೆಯ ಮೇಲೆ ನೋಡೋ ವ್ಯವಸ್ಥೆ.

ಇಷ್ಟೆಲ್ಲ ತಂತ್ರಜ್ಞಾನ ಇರೋ ಕಾಲುವೆಯ ದಂಡೆಯಲ್ಲಿ ಎರಡು ಮಾತುಗಳು ಹಳೆಯವೇ. ಕಾಲುವೆಯ ತುದಿಯಲ್ಲಿರೋ ರೈತ ಅಂತಾನೆ, ‘ನೀರ ನಮ್ಮ ತನಕ ಬರಂಗಿಲ್ರಿ.’ ಮೇಲ್ಭಾಗದಲ್ಲಿರೋ ರೈತ ಅಂತಾನೆ, ‘ಭೂಮಿ ಸವಳಾಗ್ಯಾದ.’ ಕೆಳಗಿನವನಿಗೆ ನೀರು ಕಡಿಮೆ, ಮೇಲಿನವನಿಗೆ ಹೆಚ್ಚು. ಯೋಜನೆ ಮಾಡುವಾಗ ಇದನ್ನ ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ ಅಂತ ಲೆಕ್ಕ ಹಾಕಿದ್ದರು. ಕಾಲುವೆ ಬಂದ ಮೇಲೆ ಮೇಲ್ಭಾಗದಲ್ಲಿ ಭತ್ತ ಬಂತು. ಎರೆ ಭೂಮಿ ನೀರನ್ನ ಹಿಡಿದಿಟ್ಟುಕೊಳ್ಳುತ್ತೆ, ಬಸಿದು ಹೋಗೋ ದಾರಿ ಇಲ್ಲದೇ ಇದ್ದರೆ ಒಳಗಿನ ನೀರಿನ ಮಟ್ಟ ಮೇಲೇರುತ್ತೆ, ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತೆ. ಅದೇ ಸವಳು. ಒಂದೇ ಕಾಲುವೆ, ಎರಡು ತುದಿಯಲ್ಲಿ ಎರಡು ರೋಗ.

ಇದಕ್ಕಿಂತ ಒಳ್ಳೆಯ ಪರಿಸರ ವಿಜ್ಞಾನದ ಪಾಠ ಯಾವ ಪಠ್ಯಪುಸ್ತಕದಲ್ಲಿದೆ? ಇದಕ್ಕಿಂತ ಒಳ್ಳೆಯ ಜಿಐಎಸ್ ಪ್ರಾಜೆಕ್ಟ್ ಯಾವ ಸ್ಯಾಂಪಲ್ ಡೇಟಾದಲ್ಲಿದೆ?

ಬೇಕಾದ ಸಾಮಾನು ಎಲ್ಲಾ ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 2015ರಿಂದ ಇವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎರಡನೇ ಉಪಗ್ರಹ ಹೋದ ಮೇಲೆ ಐದು ದಿನಕ್ಕೊಮ್ಮೆ ಅದೇ ಜಾಗದ ಚಿತ್ರ. ಅದರ ಮುಖ್ಯ ಬ್ಯಾಂಡುಗಳಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನೂರು ಚದರ ಮೀಟರ್. ಈಗ ನಮ್ಮ ಗುಂಟೆ ಎಷ್ಟು? 1,089 ಚದರ ಅಡಿ, ಅಂದರೆ 101 ಚದರ ಮೀಟರ್.

ಒಂದು ಪಿಕ್ಸೆಲ್, ಒಂದು ಗುಂಟೆ. ಎಕರೆಗೆ ನಲವತ್ತು.

ಈ ಒಂದು ವಾಕ್ಯ ಹೇಳಿದರೆ ಹಳ್ಳಿಯಿಂದ ಬಂದ ಯಾವ ವಿದ್ಯಾರ್ಥಿಗೂ ಸ್ಪೇಷಿಯಲ್ ರೆಸೊಲ್ಯೂಷನ್ ಅನ್ನೋದು ಜನ್ಮದಲ್ಲಿ ಮರೆಯಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹದ 30 ಮೀಟರ್ ಪಿಕ್ಸೆಲ್ ಸುಮಾರು ಒಂಬತ್ತು ಗುಂಟೆ. ಹಾಗಾದ್ರೆ ಅಪ್ಪನ ಪಾಲಿಗೆ ಬಂದ ಎರಡು ಎಕರೆಯನ್ನ ಯಾವ ಉಪಗ್ರಹದಲ್ಲಿ ನೋಡಬೇಕು, ಯಾವುದರಲ್ಲಿ ನೋಡಿದರೆ ಪಕ್ಕದವರ ಹೊಲವೂ ಸೇರಿಕೊಳ್ಳುತ್ತೆ, ಅವನೇ ಹೇಳ್ತಾನೆ. ನಾನು ನೋಡಿದ ಯಾವ ಜಿಐಎಸ್ ನೋಟ್ಸಿನಲ್ಲೂ ಗುಂಟೆ ಅನ್ನೋ ಪದ ಇರಲಿಲ್ಲ.

ಮುಂದಿನದು ಹೈಸ್ಕೂಲ್ ಗಣಿತ. ಆರೋಗ್ಯವಾಗಿರೋ ಎಲೆ ಕೆಂಪು ಬೆಳಕನ್ನ ಹೀರಿಕೊಳ್ಳುತ್ತೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡನ್ನ ವಾಪಸ್ ಎಸೆಯುತ್ತೆ. ಇನ್‌ಫ್ರಾರೆಡ್ಡಿನಿಂದ ಕೆಂಪನ್ನ ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತೆ. ಅದಕ್ಕೆ ಎನ್‌ಡಿವಿಐ ಅಂತಾರೆ. ಒಂದು ವಿತರಣಾ ಕಾಲುವೆಯನ್ನ ಆರಿಸಿ, ಅದರ ತಲೆಯಿಂದ ತುದಿಯವರೆಗೆ ಹಿಂಗಾರಿನ ಪ್ರತಿ ತಿಂಗಳು ಈ ಸಂಖ್ಯೆ ತೆಗೀರಿ. ಮೋಡ ಇಲ್ಲದ ಕಾಲ, ಚಿತ್ರ ಸ್ವಚ್ಛ ಸಿಗುತ್ತವೆ. ಹಸಿರು ಎಷ್ಟು ದೂರ ಹೋಗಿ ನಿಲ್ಲುತ್ತೆ? ಕಳೆದ ವರ್ಷ ಎಲ್ಲಿ ನಿಂತಿತ್ತು? ಸ್ಕಾಡಾ ಬರೋ ಮುಂಚೆ ಎಲ್ಲಿ ನಿಂತಿತ್ತು? ಗೇಟಿನ ಲೆಕ್ಕ ಎಷ್ಟು ನೀರು ಬಿಟ್ಟೆವು ಅಂತ ಹೇಳುತ್ತೆ. ಈ ನಕ್ಷೆ ಆ ನೀರು ಯಾರ ಬೆಳೆಗೆ ಆಯ್ತು ಅನ್ನೋದಕ್ಕೆ ಸುಳಿವು ಕೊಡುತ್ತೆ.

ಸುಳಿವು ಅಂದೆ, ಉತ್ತರ ಅನ್ನಲಿಲ್ಲ. ತರಬೇತಿಯ ಅಸಲಿ ಕೊರತೆ ಇಲ್ಲಿದೆ. ತುದಿಯಲ್ಲಿ ಹಸಿರು ಕಂಡಿತು ಅಂತ ಕಾಲುವೆ ನೀರು ಬಂತು ಅನ್ನೋಕಾಗಲ್ಲ, ಅವನು ಬೋರ್‌ವೆಲ್ ಹಾಕಿಸಿರಬಹುದು. ಬೆಳ್ಳಗೆ ಹೊಳೆಯೋ ಜಾಗ ಸವಳು ಇರಬಹುದು, ನಮ್ಮ ಕಡೆ ಬಹಳ ಇರೋ ಸುಣ್ಣದ ಕಲ್ಲೂ ಇರಬಹುದು, ಬೆಳೆ ಕೊಯ್ದ ಒಣ ಹೊಲವೂ ಇರಬಹುದು. ಆಕಾಶದಿಂದ ಮೂರೂ ಒಂದೇ ಥರ ಕಾಣಬಹುದು. ಯಾವುದು ಯಾವುದು ಅಂತ ತಿಳಿಯೋಕೆ ಹೊಲಕ್ಕೆ ಹೋಗಬೇಕು, ಮಣ್ಣು ನೋಡಬೇಕು, ಹೊಲದವರನ್ನ ಮಾತಾಡಿಸಬೇಕು. ಇದಕ್ಕೆ ಗ್ರೌಂಡ್ ಟ್ರೂತ್ ಅಂತ ಒಳ್ಳೇ ಹೆಸರಿದೆ, ನೋಟ್ಸಿನಲ್ಲಿ ಅರ್ಧ ಪುಟ ಇದೆ. ಅಲಾಸ್ಕದ ಡೇಟಾ ಇಟ್ಕೊಂಡು ಅದನ್ನ ಕಲಿಸೋದು ಹೇಗೆ? ಬಸ್ಸು ಹೋಗಲ್ಲ.

ನಾನು ಸಾಫ್ಟ್‌ವೇರಿನವನು, ಅದಕ್ಕೆ ಈ ಮಾತು ಒತ್ತಿ ಹೇಳ್ತಿದೀನಿ. ಸ್ಯಾಂಪಲ್ ಡೇಟಾದಲ್ಲಿ ಎಲ್ಲವೂ ಹೊಂದಿಕೊಂಡಿರುತ್ತೆ. ನಿಜವಾದ ಡೇಟಾದಲ್ಲಿ ಯಾವುದೂ ಹೊಂದಲ್ಲ. ಹಳೆಯ ಸರ್ವೆ ಹಾಳೆಗಳು ಎವರೆಸ್ಟ್ ಅನ್ನೋ ಭೂಮಿಯ ಆಕಾರದ ಲೆಕ್ಕದ ಮೇಲೆ ನಿಂತಿವೆ, ನಿಮ್ಮ ಫೋನಿನ ಜಿಪಿಎಸ್ ಬೇರೆ ಲೆಕ್ಕದ ಮೇಲೆ. ಎರಡನ್ನೂ ಯೋಚನೆ ಮಾಡದೆ ಒಂದರ ಮೇಲೊಂದು ಇಟ್ಟರೆ ನಮ್ಮ ಸೀಮೆಯಲ್ಲಿ ನೂರು ಮೀಟರಿಗೂ ಹೆಚ್ಚು ಸರಿಯುತ್ತೆ. ನೂರು ಮೀಟರ್ ಅಂದರೆ ಬೇರೆಯವರ ಹೊಲ. ಅಲಾಸ್ಕದಲ್ಲಿ ಡೇಟಮ್ ತಪ್ಪಾದರೆ ಎರಡು ಮಾರ್ಕ್ಸ್ ಹೋಗುತ್ತೆ. ಊರಲ್ಲಿ ತಪ್ಪಾದರೆ ಇಬ್ಬರು ಅಣ್ಣತಮ್ಮಂದಿರು ಬಡಿದಾಡ್ತಾರೆ.

ಊರನ್ನೇ ಪ್ರಯೋಗಶಾಲೆ ಮಾಡಿಕೊಳ್ಳೋದು ರೊಮ್ಯಾಂಟಿಕ್ ಮಾತು ಅಂತ ಅನ್ನಿಸಬಹುದು. ನಮ್ಮ ಸೀಮೆಯಲ್ಲಿ ಅದು ಆಗಲೇ ನಡೆದಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1960ರ ದಶಕದಲ್ಲಿ ಕೊಡೇಕಲ್ಲಿನ ಬೂದಿದಿಬ್ಬವನ್ನ ಅಗೆದರು. ಸಾವಿರಾರು ವರ್ಷಗಳ ಹಿಂದೆ ದನ ಕಟ್ಟಿದ ಜನ ಸಗಣಿ ಸುಟ್ಟು ಆದ ದಿಬ್ಬ ಅದು. ಆಮೇಲೆ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ವರ್ಷಗಟ್ಟಲೆ ಓಡಾಡಿ, ಕಲ್ಲಿನ ಆಯುಧ ಸಿಕ್ಕ ಒಂದೊಂದು ಜಾಗವನ್ನೂ ಗುರುತು ಹಾಕಿದರು. ಇಸಾಂಪುರದಲ್ಲಿ ಸಿಕ್ಕ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಕಾಲನಿರ್ಣಯ ಆಗಿದೆ. ನನಗೆ ಅದರಲ್ಲಿ ಇಷ್ಟವಾದದ್ದು ಅವರು ಕೇಳಿದ ಪ್ರಶ್ನೆ: ಈ ಜನ ಇಲ್ಲೇ ಯಾಕೆ ಇದ್ದರು? ಉತ್ತರಕ್ಕೆ ಅವರು ನೋಡಿದ್ದು ಬೇಸಿಗೆಯಲ್ಲೂ ಬತ್ತದ ಒರತೆಗಳನ್ನ, ಒಳ್ಳೆಯ ಕಲ್ಲು ಸಿಗೋ ಜಾಗಗಳನ್ನ. ಪರಿಸರ ವಿಜ್ಞಾನ, ನಕ್ಷೆ ಎರಡೂ ಒಂದೇ ಪ್ರಶ್ನೆಯೊಳಗೆ ಬಂದವು. ಕೆಲಸ ಶುರು ಮಾಡಿದಾಗ ಅವರ ಕೈಯಲ್ಲಿ ಜಿಪಿಎಸ್ಸೂ ಇರಲಿಲ್ಲ, ಲ್ಯಾಪ್‌ಟಾಪೂ ಇರಲಿಲ್ಲ.

ಸರಿ, ಎದುರು ವಾದಗಳನ್ನೂ ಕೇಳೋಣ. ಒಂದು: ಪಾಠ ಮಾಡೋರು ಬಹಳ ಕಡೆ ಅತಿಥಿ ಉಪನ್ಯಾಸಕರು, ಅರವತ್ತು ಮಕ್ಕಳು, ಲ್ಯಾಬಿನಲ್ಲಿ ಅರ್ಧ ಕಂಪ್ಯೂಟರ್ ಕೆಟ್ಟಿರುತ್ತವೆ. ನಿಜ. ಆದರೆ ಅಲಾಸ್ಕದ ಅಭ್ಯಾಸಕ್ಕೂ ಅಷ್ಟೇ ಕಂಪ್ಯೂಟರ್ ಬೇಕು. ಜಾಗ ಬದಲಾಯಿಸೋಕೆ ಹೊಸ ಲ್ಯಾಬ್ ಬೇಕಿಲ್ಲ. ಅರವತ್ತು ಮಕ್ಕಳು ಅಂದರೆ ಅರವತ್ತು ಊರಿನ ಗ್ರೌಂಡ್ ಟ್ರೂತ್, ಹಬ್ಬಕ್ಕೆ ಹೋದಾಗ ಫೋಟೊ ತಗೊಂಡು ಬಂದರೆ ಸಾಕು.

ಎರಡು: ಕಂಪನಿಗಳು ಕೇಳೋದು ಟೂಲ್ ಗೊತ್ತಿದೆಯಾ ಅಂತ, ಊರು ಗೊತ್ತಿದೆಯಾ ಅಂತ ಅಲ್ಲ. ಇದು ಗಟ್ಟಿ ವಾದ. ಬೆಂಗಳೂರು, ಹೈದರಾಬಾದಿನಲ್ಲಿ ಜಿಐಎಸ್ ಕೆಲಸ ಅಂದರೆ ಬಹಳ ಸಲ ಬೇರೆ ದೇಶದ ರಸ್ತೆ, ಕಟ್ಟಡಗಳ ಮೇಲೆ ದಿನವಿಡೀ ಗೆರೆ ಎಳೆಯೋದು. ಅದಕ್ಕೆ ಬಟನ್ ಗೊತ್ತಿದ್ದರೆ ಸಾಕು. ಆದರೆ ಗೆರೆ ಎಳೆಯೋ ಕೆಲಸವನ್ನೇ ಯಂತ್ರಗಳು ಮೊದಲು ಕಲಿಯುತ್ತಿರೋದು ಅನ್ನೋದನ್ನ ಈ ಪುಸ್ತಕ ಓದ್ತಿರೋ ನಿಮಗೆ ನಾನು ಹೇಳಬೇಕಿಲ್ಲ. ಬೆಳ್ಳಗಿರೋದು ಸವಳೋ ಸುಣ್ಣದ ಕಲ್ಲೋ ಅಂತ ಅನುಮಾನ ಪಡೋದನ್ನ ಕಲಿತವನಿಗೆ ಉಳಿಗಾಲ ಇದೆ.

ಮೂರನೇ ವಾದವನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಅದೇ ಅಸಲಿ ಕಾರಣ ಇರಬಹುದು. ಅಲಾಸ್ಕದ ನಕ್ಷೆ ಯಾರಿಗೂ ನೋವು ಮಾಡಲ್ಲ. ಕಾಲುವೆಯ ನಕ್ಷೆ ಮಾಡುತ್ತೆ. ಮೇಲ್ಭಾಗದಲ್ಲಿ ಎಷ್ಟು ಎಕರೆ ಭತ್ತ ಇದೆ ಅಂತ ತೋರಿಸಿದ ತಕ್ಷಣ ಅದು ಯಾರದು ಅಂತ ಪ್ರಶ್ನೆ ಬರುತ್ತೆ. ಅದು ವಿದ್ಯಾರ್ಥಿಯ ಸೋದರಮಾವನದೇ ಇರಬಹುದು. ಅವನಿಗೂ ಸಾಲ ಇದೆ, ಅವನ ಭೂಮಿಯೇ ಸವಳಾಗ್ತಿದೆ. ಇದೆಲ್ಲ ತರಗತಿಗೆ ಬಂದರೆ ಪಾಠ ಮಾಡೋರಿಗೆ ಕಷ್ಟ, ಒಪ್ತೀನಿ. ಹಾಗಂತ ತರಗತಿಯಿಂದ ಹೊರಗಿಟ್ಟರೆ ಪರಿಸರ ಅನ್ನೋದು ಹುಲಿ, ಓಜೋನ್ ಪದರ, ಹಿಮಕರಡಿಗಳ ವಿಷಯ ಆಗಿಬಿಡುತ್ತೆ. ಎಲ್ಲರೂ ಒಪ್ಪೋ ವಿಷಯ. ಯಾರ ಹೊಲಕ್ಕೂ ಸಂಬಂಧ ಇಲ್ಲದ ವಿಷಯ.

ಇದರಿಂದ ಆಗೋ ನಷ್ಟ ಅಂಕಪಟ್ಟಿಯಲ್ಲಿ ಕಾಣಲ್ಲ. ಹಳ್ಳಿಗಳು ಈಗಾಗಲೇ ನಕ್ಷೆಯೊಳಗೆ ಬಂದುಬಿಟ್ಟಿವೆ. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತೆ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ರೈತರೋ, ಊರಿನ ಹುಡುಗರೋ ಹೊಲದಲ್ಲಿ ನಿಂತು ಫೋಟೊ ಹಾಕ್ತಾರೆ. ಆ ದಾಖಲೆಯನ್ನೇ ಬೆಳೆ ವಿಮೆ, ಬರ ಪರಿಹಾರ, ಬೆಂಬಲ ಬೆಲೆಗೆ ನೋಡ್ತಾರೆ. ತೊಗರಿ ಹಾಕಿದ ಹೊಲ ದಾಖಲೆಯಲ್ಲಿ ಹತ್ತಿ ಅಂತ ಬಂದರೆ ಪರಿಹಾರ ಸಿಕ್ಕಿಹಾಕಿಕೊಳ್ಳುತ್ತೆ. ಅಂದರೆ ನಕ್ಷೆ ಓದೋಕೆ ಬರೋದು ಈಗ ಪಹಣಿ ಓದೋಕೆ ಬಂದ ಹಾಗೆ. ಒಂದು ಕಾಲದಲ್ಲಿ ಊರಿಗೊಬ್ಬ ಪಹಣಿ ಓದೋನಿದ್ದ, ಉಳಿದವರು ಅವನ ಮುಂದೆ ಕೈಕಟ್ಟಿ ನಿಲ್ತಿದ್ದರು. ಕಾಲೇಜು ಕಲಿತ ಮಕ್ಕಳಿಗೂ ತಮ್ಮೂರಿನ ನಕ್ಷೆಯನ್ನ ಪ್ರಶ್ನೆ ಮಾಡೋಕೆ ಬರದೇ ಹೋದರೆ ಮತ್ತೆ ಅದೇ ಕಥೆ. ನಿಮ್ಮ ಹೊಲದಲ್ಲಿ ಹೀಗಿದೆ ಅಂತ ಯಾರೋ ಪರದೆ ತೋರಿಸ್ತಾರೆ, ಹೌದೇನೋ ಅಂತ ನಾವು ತಲೆ ಹಾಕ್ತೀವಿ.

ಇದಕ್ಕೆ ಹೊಸ ಪಠ್ಯಕ್ರಮವೂ ಬೇಡ, ಹೊಸ ಸಮಿತಿಯೂ ಬೇಡ. ಎಂಟನೇ ಘಟಕ ಇದ್ದೇ ಇದೆ, ಡೇಟಾ ಬದಲಾಯಿಸೋ ಅಧ್ಯಾಯ ಇದ್ದೇ ಇದೆ. ಕ್ಷೇತ್ರಕಾರ್ಯದ ಇಪ್ಪತ್ತೈದು ಅಂಕಕ್ಕೆ ವಿದ್ಯಾರ್ಥಿ ತನ್ನ ತಾಲ್ಲೂಕಿನ ಒಂದು ಕೆರೆ, ಒಂದು ಕಾಲುವೆ ಅಥವಾ ಒಂದು ಗೋಮಾಳದ ನಕ್ಷೆ ಹಾಕಲಿ. ಹತ್ತು ಜಾಗಕ್ಕೆ ಹೋಗಿ ನೋಡಿ ಬರಲಿ. ನಕ್ಷೆ ಎಲ್ಲಿ ಸುಳ್ಳು ಹೇಳಿತು ಅಂತ ಒಂದು ಪುಟ ಬರೆಯಲಿ. ಆ ಪುಟಕ್ಕೇ ಹೆಚ್ಚು ಅಂಕ ಇರಲಿ.

ನಿಮ್ಮ ಮನೆಯಲ್ಲಿ ಈ ವರ್ಷ ಯಾರಾದರೂ ಪರಿಸರ ಅಧ್ಯಯನವೋ ಜಿಐಎಸ್ಸೋ ಓದ್ತಿದ್ದರೆ ಎಷ್ಟು ಮಾರ್ಕ್ಸ್ ಬಂತು ಅಂತ ಕೇಳಬೇಡಿ. ಯಾವ ಕೆರೆ ಅಂತ ಕೇಳಿ.